ಕಿಟಕಿಯಲ್ಲಿ ಉಳಿದ ಚಿಚಿ

ಕೋಳಿಗಳಿಗೆ ಮಾತು ಬರುತ್ತಿದ್ದ, ಆದರೆ ಯಾರೂ ಅವುಗಳ ಮಾತಿಗೆ ಕಿವಿಗೊಡದಿದ್ದ ಕಾಲದಲ್ಲಿ, ಊರಾಚೆ ಒಂದು ಹಳದಿ ಮನೆಯಿತ್ತಂತೆ. ಆ ಮನೆಯಲ್ಲಿ ಒಂದು ಮುದುಕಿ ದೆವ್ವವಿತ್ತಂತೆ. ಹೆದರಿಸುವ ವಿದ್ಯೆ ಅದಕ್ಕೆ ಒಲಿದಿರಲಿಲ್ಲ, ಬಡಿಸುವುದೊಂದೇ ಗೊತ್ತಿತ್ತು. ಬಂದವರು ತಟ್ಟೆಯಲ್ಲಿ ಅನ್ನದಗುಳು ಬಿಟ್ಟು ಎದ್ದರೆ ಮಾತ್ರ ದೀಪಗಳು ತಾವಾಗಿ ಆರುತ್ತಿದ್ದವು, ಬಾಗಿಲುಗಳು ದಡಾರನೆ ಮುಚ್ಚಿಕೊಳ್ಳುತ್ತಿದ್ದವು, ಗೋಡೆಯೊಳಗಿಂದ “ಯಾರೋ ಅದು, ಊಟ ಬಿಟ್ಟಿದ್ದು?” ಎಂದು ದನಿ ಬರುತ್ತಿತ್ತಂತೆ.

ನನ್ನ ಚಿಚಿ ಹೇಳುತ್ತಿದ್ದ ಕಥೆಗಳೆಲ್ಲ ಹೀಗೇ ಕೋಳಿಗಳಿಂದ ಶುರುವಾಗುತ್ತಿದ್ದವು. ಅಜ್ಜಿಯನ್ನು ನಮ್ಮ ಕಡೆ ಚಿಚಿ ಎನ್ನುತ್ತೇವೆ. ಆದರೆ ಈ ಕಥೆ ಅವಳು ಹೇಳಿದ್ದಲ್ಲ. ಆ ದೆವ್ವವೇ ಅವಳು.

ಸಿನಿಮಾದಲ್ಲಿ.

ಕಾಂಪೆಚೆಯಿಂದ ಮೆರಿದಾಗೆ ಹೋಗುವ ಹಳೇ ರಸ್ತೆಯಲ್ಲಿ, ನಮ್ಮೂರು ದಾಟಿದ ಮೇಲೆ, ಹಳದಿ ಮನೆ ಈಗಲೂ ಇದೆ. ನನಗೆ ಹದಿಮೂರಾಗಿದ್ದಾಗ ರಾಜಧಾನಿಯಿಂದ ಮೌರೋ ಎಂಬ ನಿರ್ದೇಶಕ ತಂಡ ಕಟ್ಟಿಕೊಂಡು ಬಂದು ಅಲ್ಲಿ ‘ಉಂಡು ಹೋಗಿ’ ಎಂಬ ದೆವ್ವದ ನಗೆ ಸಿನಿಮಾ ತೆಗೆದ. ಚಿಚಿಯನ್ನು ಅವರು ಕರೆದದ್ದು ಅಡುಗೆಗೆ. ದೆವ್ವದ ಪಾತ್ರಕ್ಕೆಂದು ಬಂದಿದ್ದ ನಟಿ ಮೊದಲ ದಿನವೇ ಹಬನೆರೊ ಮೆಣಸಿನಕಾಯಿಯನ್ನು ಕ್ಯಾರೆಟ್ ಚೂರೆಂದುಕೊಂಡು ಬಾಯಿಗೆ ಹಾಕಿ, ಮಾರನೆಯ ಬಸ್ಸಿಗೆ ವಾಪಸ್ ಹೋದಳು. ಮೌರೋ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಹಿತ್ತಲಿನಿಂದ ಚಿಚಿಯ ದನಿ ಕೇಳಿತು. ದೀಪದ ಕೆಲಸದವನೊಬ್ಬ ಅರ್ಧ ತಟ್ಟೆ ಬಿಟ್ಟು ಎದ್ದಿದ್ದ.

“ಎಲ್ಲಿಗ್ ಹೊರಟೆ? ಕೂತ್ಕೋ. ಆ ಕೋಳಿ ನಿನಗೋಸ್ಕರ ಜೀವಾನೇ ಬಿಟ್ಟಿದೆ, ನಿನಗೆ ಇನ್ನು ನಾಲ್ಕು ತುತ್ತು ತಿನ್ನೋಕಾಗಲ್ವಾ?”

ಅವನು ಕೂತ. ಮೌರೋ ಎದ್ದ.

ಸಿನಿಮಾ ದೇಶವೆಲ್ಲ ಓಡಿತು. ನಮ್ಮೂರಲ್ಲಿ ಚರ್ಚಿನ ಮುಂದಿನ ಚೌಕದಲ್ಲಿ ಬಿಳಿ ಬಟ್ಟೆ ಕಟ್ಟಿ ತೋರಿಸಿದರು. ಚಿಚಿ ಮುಂದಿನ ಸಾಲಿನಲ್ಲಿ ಕೂತು, ತನ್ನನ್ನು ತಾನೇ ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೊನೆಯಲ್ಲಿ ಅತಿಥಿಗಳೆಲ್ಲ ಕಿರುಚುತ್ತ ಬಸ್ಸು ಹತ್ತಿ ಓಡುತ್ತಾರೆ. ಮಹಡಿಯ ಕಿಟಕಿಯಲ್ಲಿ ಚಿಚಿ ಸೌಟು ಹಿಡಿದು ನಿಂತು ಕೂಗುತ್ತಾಳೆ: “ಇನ್ನೂ ಇದೆ! ಯಾರಿಗ್ ಬೇಕು?” ಚಿತ್ರ ಅಲ್ಲಿಗೆ ನಿಲ್ಲುತ್ತದೆ. ಜನ ಬಿದ್ದು ಬಿದ್ದು ನಕ್ಕರು. ಅವಳ ನಗು ಮಾತ್ರ ಅಲ್ಲಿಗೆ ನಿಂತುಹೋಯಿತು.

ಮನೆಗೆ ಬರುವ ದಾರಿಯಲ್ಲಿ ಕೇಳಿದಳು, “ಎಲ್ರೂ ಮನೆಗೆ ಹೋದ್ರು, ನೋಡಿದ್ಯಾ? ನನ್ನೊಬ್ಬಳನ್ನೇ ಆ ಕಿಟಕೀಲಿ ಬಿಟ್ಬಿಟ್ರು.”

“ಅದು ಸಿನಿಮಾ ಚಿಚಿ. ನೀನು ಇಲ್ಲೇ ಇದೀಯಲ್ಲ.”

“ನಾನ್ ಇಲ್ಲಿದೀನಿ. ಅವಳು ಅಲ್ಲಿದಾಳೆ.”

ನಗಬೇಕೋ ಬೇಡವೋ ತಿಳಿಯಲಿಲ್ಲ. ಚಿಚಿಯ ಕಥೆಗಳಲ್ಲಿ ಎಲ್ಲರೂ ಕೊನೆಗೆ ಮನೆ ಸೇರುತ್ತಿದ್ದರು. ಕೋಳಿ ಕದ್ದ ನರಿಯನ್ನೂ ಅವಳು ಅದರ ಬಿಲದವರೆಗೆ ಬಿಟ್ಟುಬರುತ್ತಿದ್ದಳು, ನನಗೆ ಅಷ್ಟರಲ್ಲಿ ನಿದ್ದೆ ಹತ್ತಿದ್ದರೂ ಸರಿ. ಕಥೆಯೊಳಗೆ ಬಿಟ್ಟವರು ಅಲ್ಲೇ ಉಳಿದುಬಿಡುತ್ತಾರೆ, ಅವರಿಗೆ ಬಾಗಿಲು ತೆಗೆಯುವವರು ಯಾರೂ ಇರುವುದಿಲ್ಲ ಎನ್ನುವುದು ಅವಳ ನಂಬಿಕೆ. ಆರು ವರ್ಷಗಳ ನಂತರ ಅವಳು ಜೋಲಿಯಲ್ಲಿ ಹಗುರಾಗಿ, ಒಣಗಿದ ಜೋಳದ ಸಿಪ್ಪೆಯಂತೆ ಮಲಗಿದ್ದಾಗಲೂ ಅದನ್ನೇ ಹೇಳಿದಳು.

“ನೆಯ್ದಿ, ಅವರು ಎರಡನೇ ಸಿನಿಮಾ ಮಾಡೇ ಮಾಡ್ತಾರೆ. ಆಗ ನನ್ನ ಆಚೆ ಕರ್ಕೊಂಡ್ ಬಾ.”

“ಆಯ್ತು ಚಿಚಿ.”

“ಆಯ್ತು ಅಂತ ಸುಮ್ನೆ ಅನ್ಬೇಡ.”

“ಕರ್ಕೊಂಡ್ ಬರ್ತೀನಿ. ಮಾತು ಕೊಟ್ಟೆ.”

ಮಾತು ಕೊಟ್ಟೆನಾದರೂ, ಅವಳು ಹೋದ ಮೇಲೆ ನಾನು ಮಾಡಿದ್ದು ಅದಕ್ಕೆ ವಿರುದ್ಧ. ಮೂರು ವರ್ಷ ಕಳೆದ ನಂತರ ನಮ್ಮೂರ ಪದ್ಧತಿಯಂತೆ ಅವಳ ಮೂಳೆಗಳನ್ನು ಮಣ್ಣಿನಿಂದ ತೆಗೆದೆವು. ಅವಳ ಮಗಳು, ನನ್ನ ಒಬ್ದುಲಿಯಾ ಚಿಕ್ಕಮ್ಮ, ಪ್ರತಿಯೊಂದು ಮೂಳೆಯನ್ನೂ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಹೆಸರು ಕಸೂತಿ ಹಾಕಿದ ಬಟ್ಟೆಯಲ್ಲಿಟ್ಟು, ಮರದ ಪೆಟ್ಟಿಗೆಯಲ್ಲಿ ಕೂರಿಸಿದಳು. ಪ್ರತಿ ವರ್ಷ ಸತ್ತವರ ಹಬ್ಬಕ್ಕೆ ಮುಂಚೆ ಹೋಗಿ ಮತ್ತೆ ಒರೆಸುತ್ತೇವೆ, ಬಟ್ಟೆ ಬದಲಾಯಿಸುತ್ತೇವೆ, ಊರ ಸುದ್ದಿ ಹೇಳುತ್ತೇವೆ. ಚಿಕ್ಕಮ್ಮನಿಗೆ ಅಷ್ಟು ಸಾಕು. ನನಗೆ ಸಾಲುತ್ತಿರಲಿಲ್ಲ. ಮೂಳೆಗಳು ಮಾತಾಡುವುದಿಲ್ಲ. ಅವಳ ದನಿ ಉಳಿದಿದ್ದದ್ದು ಆ ಸಿನಿಮಾದಲ್ಲಿ ಮಾತ್ರ. ಮಧ್ಯಾಹ್ನ ಬೇಕರಿಯ ಕೆಲಸ ಮುಗಿಸಿ ಬಂದು, ಜೋಲಿಯಲ್ಲಿ ಬಿದ್ದುಕೊಂಡು, ಫೋನಿನಲ್ಲಿ ಅದೇ ಕೊನೆಯ ದೃಶ್ಯ ಹಾಕುತ್ತಿದ್ದೆ. ಇನ್ನೂ ಇದೆ, ಯಾರಿಗ್ ಬೇಕು? ನನಗೆ ಬೇಕು ಚಿಚಿ, ಎನ್ನುತ್ತಿದ್ದೆ. ಮತ್ತೆ ಹಾಕುತ್ತಿದ್ದೆ. ಬಿಡಿಸುತ್ತೇನೆಂದು ಮಾತು ಕೊಟ್ಟವಳೇ ಅವಳನ್ನು ದಿನಕ್ಕೆ ಹತ್ತು ಸಲ ಆ ಕಿಟಕಿಗೆ ಎಳೆದು ತಂದು ನಿಲ್ಲಿಸುತ್ತಿದ್ದೆ.

ಹೋದ ಅಕ್ಟೋಬರಿನಲ್ಲಿ ಎರಡನೆಯ ಸಿನಿಮಾಕ್ಕೆ ಅವರು ಬಂದರು.

ಮೌರೋನ ತಲೆ ನೆರೆತಿತ್ತು, ಹೊಟ್ಟೆ ಬಂದಿತ್ತು. ನನ್ನನ್ನು ಬೇಕರಿಯ ಬಾಗಿಲಲ್ಲಿ ನೋಡಿ ಅಲ್ಲೇ ನಿಂತ. “ಇನ್ನೊಂದ್ಸಲ ನಡಿ. ಆ ಮೂಲೆವರೆಗೂ ಹೋಗಿ ಬಾ,” ಎಂದ. ನಡೆದೆ. “ಅವಳದೇ ನಡಿಗೆ ಕಣೇ. ಬಾತುಕೋಳಿಗೆ ಸಿಟ್ಟು ಬಂದ ಹಾಗೆ.”

ಅವನ ಲೆಕ್ಕಾಚಾರ ಹೀಗಿತ್ತು. ಹಿಂದಿನಿಂದ ತೆಗೆಯುವ ಶಾಟ್‌ಗಳಿಗೆ ನಾನು. ಮುಖಕ್ಕೆ, ಮಾತಿಗೆ, ಹಿಂದಿನ ಸಲ ತೆಗೆದು ಬಳಸದೆ ಉಳಿದ ಚಿಚಿಯ ತುಣುಕುಗಳು. ಕಥೆಯಲ್ಲಿ ಹಳೇ ಅತಿಥಿಗಳು ಹಳದಿ ಮನೆಗೆ ತಾವಾಗಿಯೇ ವಾಪಸು ಬರುತ್ತಾರೆ, ಏಕೆಂದರೆ ಆ ದೆವ್ವದ ಕೈಯಡುಗೆ ಉಂಡ ಮೇಲೆ ಅವರಿಗೆ ಬೇರಾವುದೂ ರುಚಿಸುತ್ತಿಲ್ಲ. ಹುಡುಕುತ್ತ ಹುಡುಕುತ್ತ ಅಡುಗೆಮನೆಯ ನೆಲದಡಿ ಅವಳ ಅಸ್ಥಿಪಂಜರ ಸಿಗುತ್ತದೆ. ಎಲ್ಲರೂ ಕಿರುಚಿ ಓಡುತ್ತಾರೆ. ಅವಳು ಮತ್ತೆ ಕಿಟಕಿಯಲ್ಲಿ.

“ಮತ್ತೆ ಕಿಟಕೀಲಾ?” ಎಂದೆ.

“ಮತ್ತೆಲ್ಲಿ?”

“ಮನೆಗೆ ಕಳಿಸಿ ಡೋನ್ ಮೌರೋ. ಈ ಸಲ ಅವಳು ಬಾಗಿಲಿಂದ ಆಚೆ ನಡ್ಕೊಂಡ್ ಹೋಗ್ಲಿ. ನಂಗೆ ಬೇರೇನೂ ಬೇಡ.”

ಮೌರೋ ಕುತ್ತಿಗೆ ಉಜ್ಜಿಕೊಂಡ. “ನೋಡು ಮಗಳೇ, ಸೆನ್ಯೋರಾ ಬರ್ನಾರ್ದಾ ಮೂರನೇ ಭಾಗಕ್ಕೆ ಆಗ್ಲೇ ಮಾತಾಡಿಬಿಟ್ಟಿದಾರೆ. ನಿರ್ಮಾಪಕಿ ಅವರು, ನಾನಲ್ಲ. ದೆವ್ವಾನೇ ಎದ್ದು ಹೋದ್ರೆ ಮೂರನೇದ್ರಲ್ಲಿ ಏನ್ ತೋರಿಸ್ಲಿ? ಖಾಲಿ ಮನೇನಾ?”

ಕೊನೆಗೆ ಒಪ್ಪಿಕೊಂಡೆ. ಚಿಚಿಯ ಬಿಳಿ ನಿಲುವಂಗಿ, ಇಪಿಲ್, ತೊಟ್ಟೆ. ಅದರ ಕಸೂತಿಯ ಅಂಚು ಅವಳದೇ ಕೈಕೆಲಸ. ಕೂದಲಿಗೆ ಬೂದಿ ಹಚ್ಚಿಸಿಕೊಂಡೆ. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದು ಅವರು ಹಗಲನ್ನೇ ರಾತ್ರಿ ಮಾಡುತ್ತಿದ್ದರು. ಆ ಸುಳ್ಳು ಕತ್ತಲಲ್ಲಿ ಹತ್ತು ದಿನ ಮೆಟ್ಟಿಲು ಹತ್ತಿ ಇಳಿದೆ. ಕನ್ನಡಿಯ ಮುಂದೆ ಹಾಯುವಾಗಲೆಲ್ಲ ಚಿಚಿ ಕಾಣುತ್ತಿದ್ದಳು. ತಿರುಗಿದರೆ ನಾನೇ. ಕಿಟಕಿಯ ಶಾಟ್ ಕೊನೆಯ ದಿನಕ್ಕೆ ಇಟ್ಟಿದ್ದರು. ಆ ದಿನ ಹತ್ತಿರವಾದಂತೆ ಚಿಚಿ ನನ್ನ ಕನಸಿಗೆ ಬರುವುದನ್ನೇ ಬಿಟ್ಟಳು. ಮುನಿದಿದ್ದಾಳೆ ಎಂದುಕೊಂಡೆ.

ಕೊನೆಯ ದಿನದ ಹಿಂದಿನ ಬೆಳಗ್ಗೆ ಅಸ್ಥಿಪಂಜರದ ದೃಶ್ಯ. ಕಲಾ ವಿಭಾಗದವರು ಎರಡು ದಿನ ಕೂತು ಆ ಪ್ಲಾಸ್ಟಿಕ್ ಎಲುಬುಗಳಿಗೆ ಮಣ್ಣು ಬಳಿದು, ಜೇಡರ ಬಲೆ ಸುತ್ತಿ, ಹಲ್ಲಿಗೆ ಹಸಿರು ಬಣ್ಣ ಹಚ್ಚಿ, ಅಡುಗೆಮನೆಯ ಗುಂಡಿಯಲ್ಲಿ ಮಲಗಿಸಿದ್ದರು. ನೋಡಿದರೆ ವಾಕರಿಕೆ ಬರುವಂತಿತ್ತು. ಎಲ್ಲರೂ ತಿಂಡಿಗೆಂದು ಅಂಗಳಕ್ಕೆ ಹೋದರು.

ಒಬ್ದುಲಿಯಾ ಚಿಕ್ಕಮ್ಮ ಆ ದಿನ ಮನೆ ಗುಡಿಸಲು ಕೂಲಿಗೆ ಬಂದಿದ್ದಳು. ಬೆಳಗಿನ ಜಾವ ಸ್ಮಶಾನಕ್ಕೆ ಹೋಗಿ, ಚಿಚಿಯ ಮೂಳೆ ಒರೆಸಿ, ಹೊಸ ಬಟ್ಟೆ ಹಾಸಿ, ಹೋದ ವರ್ಷದ ಬಟ್ಟೆಯನ್ನು ಒಗೆಯಲೆಂದು ಚೀಲದಲ್ಲಿಟ್ಟುಕೊಂಡು ನೇರ ಇಲ್ಲಿಗೆ ಬಂದಿದ್ದಳು. ಬ್ರಷ್ಷೂ ಚೀಲದಲ್ಲೇ ಇತ್ತು.

ತಿಂಡಿ ಮುಗಿಸಿ ಒಳಗೆ ಬಂದ ಮೌರೋ ಕೂಗಾಡಿದ್ದು ರಸ್ತೆಯವರೆಗೆ ಕೇಳಿತಂತೆ.

ಗುಂಡಿ ಖಾಲಿ. ಅದರ ಪಕ್ಕದಲ್ಲಿ ಒಂದು ಹಣ್ಣಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಕಸೂತಿಯ ಬಟ್ಟೆ, ಬಟ್ಟೆಯ ಮೇಲೆ ಉದ್ದನೆಯ ಮೂಳೆಗಳು ಕೆಳಗೆ, ಸಣ್ಣವು ಮೇಲೆ, ಎಲ್ಲಕ್ಕೂ ಮೇಲೆ ತಲೆಬುರುಡೆ. ಹಾಲಿನಲ್ಲಿ ಅದ್ದಿ ತೆಗೆದಂತೆ ಬಿಳುಪು. ಹಸಿರು ಹಲ್ಲು ಕೂಡ ಪಳಪಳ.

“ಯಾರ್ ಮಾಡಿದ್ದು ಇದು?”

“ನಾನೇ,” ಎಂದಳು ಚಿಕ್ಕಮ್ಮ, ಹೊಗಳಿಕೆಗೆ ಕಾಯುತ್ತ. “ಯಾರ ಮನೆಯವರೋ ಏನೋ, ನಾಚಿಕೆ ಬೇಡ್ವಾ? ಹಬ್ಬ ಇನ್ನೊಂದು ವಾರ ಇದೆ, ಜೇಡ ಬಲೆ ಕಟ್ಟೋವರೆಗೂ ಬಿಟ್ಟಿದಾರೆ. ನೋಡೋಕಾಗ್ಲಿಲ್ಲ ನಂಗೆ.”

“ಡೋನ್ಯಾ ಒಬ್ದುಲಿಯಾ, ಅದು ಪ್ಲಾಸ್ಟಿಕ್!”

ಚಿಕ್ಕಮ್ಮ ಪೆಟ್ಟಿಗೆಯತ್ತ ಬಗ್ಗಿ ನೋಡಿದಳು. “ಹೌದಾ? ಹಗುರ ಇತ್ತು. ಪಾಪ, ಉಪವಾಸ ಸತ್ತಿರ್ಬೇಕು ಅಂದ್ಕೊಂಡೆ.” ಆಮೇಲೆ ಯೋಚಿಸಿ ಸೇರಿಸಿದಳು, “ಪ್ಲಾಸ್ಟಿಕ್ ಆದ್ರೇನಂತೆ, ಆಕಾರ ಮನುಷ್ಯರದ್ದೇ ತಾನೆ? ಪಕ್ಕೆಲುಬು ಮಾತ್ರ ಒಂದ್ಕಡೆ ಹದಿಮೂರು, ಇನ್ನೊಂದ್ಕಡೆ ಹತ್ತಿದೆ. ಮಾಡಿದವರನ್ನ ವಿಚಾರಿಸಿ.”

ಕಲಾ ವಿಭಾಗದ ಮುಖ್ಯಸ್ಥ ಮೆಟ್ಟಿಲ ಮೇಲೆ ಕೂತುಬಿಟ್ಟ. ಮತ್ತೆ ಮಣ್ಣು ಬಳಿಯಲು ಎರಡು ದಿನ ಬೇಕು. ಮೌರೋಗೆ ಇದ್ದದ್ದೇ ಎರಡು ದಿನ. ಕೊನೆಗೆ ಅವನು ಸೋತ ದನಿಯಲ್ಲಿ, “ಹೀಗೇ ತೆಗೀರಿ. ಗುಮಾರೊಗೆ ಏನೂ ಹೇಳ್ಬೇಡಿ. ಗಲೀಜು ನೋಡಿ ಹೆದರೋನು ಚೊಕ್ಕಟ ನೋಡಿ ಇನ್ನೂ ಹೆದರಬಹುದು,” ಎಂದ.

ಗುಮಾರೊ ನಗೆನಟ. ಮೊದಲ ಸಿನಿಮಾದಲ್ಲೂ ಇದ್ದ. ತಟ್ಟೆ ಬಿಟ್ಟು ಮೊದಲು ಓಡುವವನು ಅವನೇ. ಕಿರುಚುವುದರಲ್ಲಿ ದೇಶದಲ್ಲೇ ಅವನಂಥವರಿಲ್ಲ. ಕ್ಯಾಮೆರಾ ತಿರುಗಿತು. ಗುಮಾರೊ ಮೇಣದಬತ್ತಿ ಹಿಡಿದು, ಮೊಣಕಾಲು ನಡುಗಿಸುತ್ತ ಅಡುಗೆಮನೆಗೆ ಬಂದ. ಗುಂಡಿಗೆ ಇಣುಕಿದ. ಖಾಲಿ. ಬತ್ತಿಯ ಬೆಳಕು ಪೆಟ್ಟಿಗೆಯ ಮೇಲೆ ಬಿತ್ತು. ಕಿರುಚಲು ಬಾಯಿ ತೆರೆದ.

ಬಟ್ಟೆಯ ಅಂಚಿನ ಮೇಲೆ ಕೆಂಪು ದಾರದಲ್ಲಿ ಹೆಸರಿತ್ತು. ಅವನು ಓದಿದ. “ಎದೆಲ್ಮೀರಾ.”

ಸಿನಿಮಾದ ದೆವ್ವಕ್ಕೆ ಹೆಸರಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ತಿಂಗಳುಗಟ್ಟಲೆ ತನಗೆ ಬಡಿಸಿದ ಚಿಚಿಯ ಹೆಸರು ಗುಮಾರೊಗೆ ಗೊತ್ತಿತ್ತು. ತೆರೆದ ಬಾಯಿ ಮೆಲ್ಲಗೆ ಮುಚ್ಚಿಕೊಂಡಿತು. ಟೋಪಿ ತೆಗೆದ. ನೆಲದ ಮೇಲೆ ಮಂಡಿಯೂರಿ ಕೂತ.

“ಡೋನ್ಯಾ ಎದೆಲ್ಮೀರಾ,” ಎಂದ, “ಇಲ್ಲಿದೀರಾ? ಅವತ್ತು ತಟ್ಟೆ ಬಿಟ್ಟು ಓಡಿಹೋದೆ ನಾನು. ಆಮೇಲೆ ಎಲ್ಲೆಲ್ಲೋ ಉಂಡೆ. ಎಲ್ಲೂ ಯಾರೂ ಬೈಲೇ ಇಲ್ಲ. ಬಿಟ್ರೆ ಬಿಟ್ಟ ಅಂತ ತಟ್ಟೆ ಎತ್ಕೊಂಡು ಹೋಗ್ತಾರೆ ಅಷ್ಟೇ.”

ಬರೆದುಕೊಟ್ಟ ಮಾತು ಇದಾಗಿರಲಿಲ್ಲ. ಆದರೂ ಯಾರೂ ‘ಕಟ್’ ಎನ್ನಲಿಲ್ಲ. ಚಿಕ್ಕಮ್ಮ ಪೊರಕೆ ಎದೆಗವಚಿಕೊಂಡು ಅಳುತ್ತಿದ್ದಳು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಇವನಿಗೂ ಬೇಕಾಗಿದ್ದಾಳೆ ಎಂದು ಆಗ ತಿಳಿಯಿತು. ಇಷ್ಟು ವರ್ಷ ಆ ಹಸಿವು ನನ್ನೊಬ್ಬಳದೇ ಎಂದುಕೊಂಡಿದ್ದೆ.

ಶಾಟ್ ಮುಗಿದ ಮೇಲೆ ಮೌರೋ ಕನ್ನಡಕ ಒರೆಸಿಕೊಂಡು ಹೇಳಿದ, “ಇದನ್ನ ಬಿಸಾಕೋಕಾಗಲ್ಲ. ಆದ್ರೆ ಇದಾದ್ಮೇಲೆ ಅವಳು ಕಿಟಕೀಲಿ ನಿಂತು ಸೌಟು ಬೀಸಿದ್ರೆ ನಾನೇ ಎದ್ದು ಹೋಗ್ತೀನಿ.”

“ನಿಲ್ಲಲ್ಲ ಅವಳು,” ಎಂದೆ. ಎಲ್ಲರೂ ನನ್ನ ಕಡೆ ತಿರುಗಿದರು. “ಮೂಳೆ ಒರೆಸಿ, ಹೆಸರಿನ ಬಟ್ಟೇಲಿಟ್ಟಾಯ್ತು. ಇನ್ನು ಅವಳಿಗೆ ಇಲ್ಲಿ ಕೆಲಸ ಇಲ್ಲ. ಆಮೇಲೂ ಇಲ್ಲೇ ನಿಂತಿದ್ರೆ ನಮ್ಮೂರಲ್ಲಿ ಮಕ್ಕಳೂ ನಂಬಲ್ಲ.”

ಮೌರೋ ರಾಜಧಾನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟ. ಸೆನ್ಯೋರಾ ಬರ್ನಾರ್ದಾ ಸಮಾಧಾನದಿಂದಲೇ ಕೇಳಿಸಿಕೊಂಡರು. ಆಮೇಲೆ, “ಚೆನ್ನಾಗಿದೆ ಮೌರೋ. ಆದ್ರೆ ಹೋದ ದೆವ್ವ ವಾಪಸ್ ಬರಲ್ಲ. ನಂಗೆ ಮೂರನೇ ಭಾಗ ಬೇಕು,” ಎಂದರು.

ಆ ಕ್ಷಣದವರೆಗೆ ನನಗೆ ಉತ್ತರ ಗೊತ್ತಿರಲಿಲ್ಲ. ಹೇಳುತ್ತ ಹೇಳುತ್ತಲೇ ಗೊತ್ತಾಯಿತು.

“ಯಾರ್ ಹೇಳಿದ್ದು ಸೆನ್ಯೋರಾ? ನಮ್ಮೂರಿಗೆ ಸತ್ತವರು ವರ್ಷ ವರ್ಷ ಹಬ್ಬಕ್ಕೆ ಬರ್ತಾರೆ. ಊಟ ಮಾಡಿ ಹೋಗ್ತಾರೆ. ಆದ್ರೆ ಮನೆ ಸೇರ್ಕೊಂಡವರು ಮಾತ್ರ ಬರೋದು. ಎಲ್ಲೂ ಹೋಗದೇ ಇರೋಳು ಎಲ್ಲಿಂದ ಬರ್ಬೇಕು?”

“ಯಾರದು ಮಾತಾಡ್ತಿರೋದು?”

“ದೆವ್ವದ ಮೊಮ್ಮಗಳು,” ಎಂದ ಗುಮಾರೊ.

ಚಿಕ್ಕಮ್ಮ ಫೋನಿನ ಹತ್ತಿರ ಬಾಯಿ ತಂದು, ಅದು ಕಿವುಡಾಗಿದೆಯೇನೋ ಎಂಬಂತೆ ಕೂಗಿದಳು. “ನಿಜ ಕಣಮ್ಮಾ! ನಮ್ ಯಜಮಾನ್ರು ಹೋಗಿ ಒಂಬತ್ತು ವರ್ಷ. ಒಂದು ವರ್ಷಾನೂ ತಪ್ಪಿಸಿಲ್ಲ. ಬದುಕಿದ್ದಾಗ ಒಂದಿನ ಊಟದ ಹೊತ್ತಿಗೆ ಮನೆಗೆ ಬಂದವರಲ್ಲ, ಈಗ ಬರ್ತಾರೆ!”

ಆ ಕಡೆ ಕಾಗದ ಮಗುಚಿದ ಸದ್ದಾಯಿತು.

“ವರ್ಷಕ್ಕೊಂದ್ಸಲ ಅಂದ್ರಾ?” ಎಂದು ಕೇಳಿತು ಕೊನೆಗೆ ಫೋನು. “ಹಾಗಾದ್ರೆ ನಾಲ್ಕನೇದೂ ಮಾಡ್ಬಹುದು. ಸರಿ, ಕಳಿಸಿ ಅವಳನ್ನ.”

ಮಾರನೆಯ ದಿನ ಕಪ್ಪು ಬಟ್ಟೆಗಳನ್ನೆಲ್ಲ ಕಿತ್ತು ಹಾಕಿದರು. ಚಿಚಿ ಹಗಲಲ್ಲೇ ಹೋಗಲಿ ಎಂದು ಮೌರೋ ಹೇಳಿದ. ನಾನು ಮೆಟ್ಟಿಲಿಳಿದು, ಅಂಗಳ ದಾಟಿ, ಮುಂಬಾಗಿಲಿನ ಹೊಸ್ತಿಲಾಚೆ ಹೋಗಬೇಕು. ಕ್ಯಾಮೆರಾ ಹಿಂದಿನಿಂದ ನೋಡುತ್ತಿರುತ್ತದೆ. ಇಷ್ಟೇ.

ಮೊದಲ ಸಲ ಪಕ್ಕದ ಮನೆಯ ಸೀಮೆಕೋಳಿಯೊಂದು ನನ್ನ ಹಿಂದೆಯೇ ಗಂಭೀರವಾಗಿ ನಡೆದು ಬಂತು. ಎರಡನೆಯ ಸಲ, ರಸ್ತೆಯಲ್ಲಿ ಹೋಗುತ್ತಿದ್ದ ಡೋನ್ಯಾ ಫಿದೆನ್ಸಿಯಾ ಬಾಗಿಲಲ್ಲಿ ನನ್ನನ್ನು ಕಂಡು, “ಏನೇ ನೆಯ್ದಿ, ಒಂದೇ ವಾರಕ್ಕೆ ಇಷ್ಟು ಕೂದಲು ನೆರೀತಾ? ಮದುವೆ ಆಗು ಅಂದ್ರೆ ಕೇಳಲ್ಲ!” ಎಂದು ಕೂಗಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೂರನೆಯ ಸಲ ಯಾರೂ ಅಡ್ಡ ಬರಲಿಲ್ಲ. ಮೆಟ್ಟಿಲು ಇಳಿದೆ, ಅಂಗಳ ದಾಟಿದೆ. ಹೊಸ್ತಿಲ ಮುಂದೆ ನಿಂತುಬಿಟ್ಟೆ.

ಹೊರಗೆ ಬಿಸಿಲು, ಕಿತ್ತಳೆ ಮರ, ಮಣ್ಣಿನ ದಾರಿ. ಬೆನ್ನ ಹಿಂದೆ, ಮೇಲೆ, ಆ ಕಿಟಕಿ. ಇದೊಂದು ಹೆಜ್ಜೆ ಇಟ್ಟರೆ ಅದು ಖಾಲಿಯಾಗುತ್ತದೆ. ಆಮೇಲೆ ಮಧ್ಯಾಹ್ನ ಜೋಲಿಯಲ್ಲಿ ಬಿದ್ದುಕೊಂಡು ಯಾರನ್ನು ಕರೆಯಲಿ? ಇಷ್ಟು ದಿನ ಮೌರೋನನ್ನು, ಯಾರೋ ಸೆನ್ಯೋರಾಳನ್ನು ದೂರುತ್ತಿದ್ದೆ. ಬಾಗಿಲಿಗೆ ಅಡ್ಡ ನಿಂತಿದ್ದವಳು ನಾನೂ ಹೌದು. ಅವಳು ಮಾತು ತೆಗೆದುಕೊಂಡದ್ದು ನನ್ನಿಂದ, ಬಿಡಲಾರದವಳೂ ನಾನೇ.

“ಏನಾಯ್ತು?” ಎಂದು ಯಾರೋ ಪಿಸುಗುಟ್ಟಿದರು. ಮೌರೋ ಸುಮ್ಮನಿರುವಂತೆ ಕೈಸನ್ನೆ ಮಾಡಿರಬೇಕು. ಆಮೇಲೆ ಅವನು ಶಬ್ದದ ಪೆಟ್ಟಿಗೆಯವನಿಗೆ ಏನೋ ಹೇಳಿದ್ದು ಕೇಳಿತು: “ಆ ಕೊನೇ ತುಣುಕು ಹಾಕು. ಅವಳ ಮೈಕು ತೆಗೆಯೋಕೆ ಮರ್ತಿದ್ವಲ್ಲ, ಅದು.”

ಗರಗರ ಸದ್ದು. ಪಾತ್ರೆಗಳ ಸದ್ದು. ಆಮೇಲೆ ಅಂಗಳದ ತುಂಬ ಚಿಚಿ.

“ಮುಗೀತೇನ್ರಪ್ಪಾ ನಿಮ್ದು? ನಾನಿನ್ನು ಹೋಗ್ಲಾ? ಒಲೆ ಮೇಲೆ ಹುರುಳಿಕಾಳು ಇಟ್ಟು ಬಂದಿದೀನಿ, ತಳ ಹಿಡಿದಿರುತ್ತೆ. ಯಾರೂ ಹೇಳಲ್ವಲ್ಲ, ಏನ್ ಜನಾನೋ.”

ಈ ಮಾತನ್ನು ನಾನು ಕೇಳಿರಲಿಲ್ಲ. ಐದು ವರ್ಷಗಳಲ್ಲಿ ಮೊದಲ ಸಲ ಅವಳು ನನಗೆ ಗೊತ್ತಿಲ್ಲದ ಮಾತೊಂದನ್ನು ಆಡಿದ್ದಳು. ಅದೂ ಹೋಗಲು ಅನುಮತಿ ಕೇಳುತ್ತ, ಎಂದಿನ ಸಿಡಿಮಿಡಿಯಲ್ಲಿ, ಅವಸರದಲ್ಲಿ. ಉತ್ತರ ಕೊಡಬೇಕಾದವರು ಯಾರೆಂದು ನನಗೆ ಗೊತ್ತಿತ್ತು.

“ಹೂಂ ಚಿಚಿ, ಮುಗೀತು. ನಡಿ,” ಎಂದೆ. ಕ್ಯಾಮೆರಾದವರಿಗೆ ಕೇಳದಷ್ಟು ಮೆಲ್ಲಗೆ.

ಬಲಗಾಲು ಹೊಸ್ತಿಲಾಚೆ ಇಟ್ಟೆ. ಆಮೇಲೆ ಎಡಗಾಲು. ಬಿಸಿಲು ಮೊದಲು ಇಪಿಲ್‌ನ ಅಂಚಿಗೆ, ಆಮೇಲೆ ಬೆನ್ನಿಗೆ, ಆಮೇಲೆ ಬೂದಿ ಹಚ್ಚಿದ ಕೂದಲಿಗೆ ಬಿತ್ತು. ಹಿಂದಿನಿಂದ ಯಾರೂ ಕೂಗಲಿಲ್ಲ. ಸಿಟ್ಟು ಬಂದ ಬಾತುಕೋಳಿಯಂತೆ ನಡೆಯುತ್ತ ಚಿಚಿ ಹಳದಿ ಮನೆಯಿಂದ ಆಚೆ ಬಂದಳು.